ಮೊದಲು ಮುಳ್ಳು, ಆಮೇಲೆ ಸ್ಕ್ರೀನ್: ಸಣ್ಣ ವಿಮಾನದ ಮೀಟರ್ ಓದಲು ಹೀಗೆ ಕಲಿಯಿರಿ

ಕಾರವಾರದ ಟ್ಯಾಗೋರ್ ಬೀಚಿನಲ್ಲಿ, ಚಾಪೆಲ್ ಯುದ್ಧನೌಕೆಯ ಹತ್ತಿರ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ಪ್ರದರ್ಶನಕ್ಕೆ ಬಂದು ನಿಂತ ಮೇಲೆ ನಮ್ಮ ಕೇರಿಯ ಹುಡುಗರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಅಷ್ಟೊಂದು ಮೀಟರು ಪೈಲಟ್ ಹೇಗೆ ನೋಡ್ತಾನೆ?" ಟುಪೊಲೆವ್ ಭಾರೀ ವಿಮಾನ, ಅದರ ಲೆಕ್ಕ ಬೇರೆ. ಸೆಸ್ನಾ 172 ತರಹದ ನಾಲ್ಕು ಸೀಟಿನ ವಿಮಾನದಲ್ಲಿ ಹಾರಾಟಕ್ಕೆ ಮುಖ್ಯವಾದವು ಆರೇ ಆರು. ಅವನ್ನು ಮನೆಯಲ್ಲೇ ಕೂತು ಕಲಿಯಬಹುದು. ಫ್ಲೈಟ್‌ಗಿಯರ್ ಅನ್ನುವ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಪ್ರೋಗ್ರಾಮ್, ಪುಕ್ಕಟೆ ಸಿಗುತ್ತದೆ, ಅದರಲ್ಲಿ ಸೆಸ್ನಾ 172ಪಿ ಇದೆ. ಜಾಯ್‌ಸ್ಟಿಕ್ ಇದ್ದರೆ ಒಳ್ಳೆಯದು.

ಒಂದೇ ಒಂದು ಮಾತು ಕೇಳಿ. ಸ್ಕ್ರೀನ್ ಇರುವ ಹೊಸ ವಿಮಾನ ನೋಡೋಕೆ ಚೆಂದ ಅಂತ ಅದರಿಂದಲೇ ಶುರು ಮಾಡಬೇಡಿ. ದುಂಡು ಮೀಟರಿನ ವಿಮಾನದಲ್ಲಿ ಯಾವ ಮುಳ್ಳು ಯಾವುದರಿಂದ ತಿರುಗುತ್ತದೆ ಅನ್ನುವುದು ಕೈಗೆ ಸಿಕ್ಕಂತೆ ತಿಳಿಯುತ್ತದೆ. ಅದು ತಿಳಿದರೆ ಮುಂದೊಂದು ದಿನ ಯಾವ ಮೀಟರ್ ಸುಳ್ಳು ಹೇಳುತ್ತಿದೆ ಅನ್ನುವುದೂ ತಿಳಿಯುತ್ತದೆ.

ಮೊದಲು ಜಾಗ ಗುರುತು ಮಾಡಿಕೊಳ್ಳಿ. ಮೇಲಿನ ಸಾಲಿನಲ್ಲಿ ಎಡದಿಂದ ವೇಗದ ಮೀಟರ್, ನಡುವೆ ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಕೃತಕ ದಿಗಂತ, ಬಲಕ್ಕೆ ಎತ್ತರದ ಮೀಟರ್, ಅಂದರೆ ಆಲ್ಟಿಮೀಟರ್. ಕೆಳಗಿನ ಸಾಲಿನಲ್ಲಿ ತಿರುವಿನ ಮೀಟರ್, ದಿಕ್ಕಿನ ಮೀಟರ್, ಏರಿಳಿತದ ಮೀಟರ್. ಇವುಗಳಲ್ಲಿ ಮೂರು ಗಾಳಿಯ ಒತ್ತಡದಿಂದ ನಡೆಯುತ್ತವೆ, ಇನ್ನು ಮೂರು ಬುಗುರಿಯಿಂದ.

ಒತ್ತಡದ ಆಟ ಅರ್ಥವಾಗಬೇಕಾದರೆ ಕುಮಟಾದಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ತೆಗೆದುಕೊಂಡು ಶಿರಸಿ ಬಸ್ ಹತ್ತಿ. ದೇವಿಮನೆ ಘಟ್ಟ ಏರಿ ಶಿರಸಿ ಮುಟ್ಟುವ ಹೊತ್ತಿಗೆ ಪ್ಯಾಕೆಟ್ ಬಿಗಿಯಾಗಿ ಉಬ್ಬಿರುತ್ತದೆ. ಆಲ್ಟಿಮೀಟರಿನ ಒಳಗೂ ಅಷ್ಟೇ, ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿ ಇರುತ್ತದೆ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಡಬ್ಬಿ ಉಬ್ಬುತ್ತದೆ, ಹಲ್ಲಿನ ಚಕ್ರಗಳು ಆ ಚೂರು ಉಬ್ಬನ್ನೇ ದೊಡ್ಡದು ಮಾಡಿ ಮುಳ್ಳು ತಿರುಗಿಸುತ್ತವೆ. ಒತ್ತಡ ಅಳೆಯುವ ಸೆನ್ಸರ್ ನಿಮ್ಮ ಮೊಬೈಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ಕುಮಟಾದಲ್ಲಿ 1010 ಹೆಕ್ಟೊಪಾಸ್ಕಲ್ ಆಸುಪಾಸು ಇದ್ದದ್ದು ಶಿರಸಿಯಲ್ಲಿ 945ರ ಹತ್ತಿರ ಇರುತ್ತದೆ. ಸಮುದ್ರಮಟ್ಟದ ಹತ್ತಿರ ಸುಮಾರು 30 ಅಡಿ ಏರಿದರೆ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ, ಈ ಲೆಕ್ಕ ಬಾಯಿಪಾಠ ಮಾಡಿ.

ಯಾಕೆಂದರೆ ಎಡವಟ್ಟು ಆಗೋದು ಇಲ್ಲೇ. ಆಲ್ಟಿಮೀಟರಿನ ಮುಖದಲ್ಲಿ ಒಂದು ಸಣ್ಣ ಕಿಟಕಿ ಇರುತ್ತದೆ, ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಆ ದಿನದ ಒತ್ತಡವನ್ನು ಗುಂಡಿ ತಿರುಗಿಸಿ ಅದರಲ್ಲಿ ಕೂರಿಸಬೇಕು. ಮಳೆಗಾಲದಲ್ಲಿ ಒತ್ತಡ 10 ಹೆಕ್ಟೊಪಾಸ್ಕಲ್ ಇಳಿದಿದೆ, ನೀವು ಗುಂಡಿ ಮುಟ್ಟಿಲ್ಲ ಅಂದುಕೊಳ್ಳಿ. ಮೀಟರ್ ನಿಜಕ್ಕಿಂತ ಸುಮಾರು 300 ಅಡಿ ಜಾಸ್ತಿ ತೋರಿಸುತ್ತದೆ. ಮೋಡ ಮುಚ್ಚಿದ ಘಟ್ಟದ ಮೇಲೆ 300 ಅಡಿ ಅಂದರೆ ಜೀವದ ಪ್ರಶ್ನೆ.

ಏರಿಳಿತದ ಮೀಟರಿಗೂ ಅದೇ ಗಾಳಿ. ಅದು ನಿಧಾನ, ಸರಿಯಾದ ಅಂಕಿ ತೋರಿಸಲು 6ರಿಂದ 9 ಸೆಕೆಂಡ್ ಬೇಕು. ಅದರ ಮುಳ್ಳಿನ ಹಿಂದೆ ಓಡಬೇಡಿ.

ವೇಗದ ಮೀಟರಿಗೆ ಇನ್ನೊಂದು ಗಾಳಿಯೂ ಬೇಕು. ರೆಕ್ಕೆಯ ಕೆಳಗೆ ಮುಂದಕ್ಕೆ ಬಾಯಿ ತೆರೆದ ಒಂದು ಕೊಳವೆ ಇರುತ್ತದೆ, ಪಿಟೋ ಕೊಳವೆ. ಆನ್ರಿ ಪಿಟೋ ಎಂಬ ಫ್ರೆಂಚ್ ಎಂಜಿನಿಯರ್ 1732ರಲ್ಲಿ ಸೆನ್ ನದಿಯ ಹರಿವು ಅಳೆಯಲು ಮಾಡಿದ ಉಪಾಯ ಅದು. ಎದುರಿಂದ ನುಗ್ಗುವ ಗಾಳಿಯ ಒತ್ತಡಕ್ಕೂ ಸುಮ್ನೆ ನಿಂತ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ವೇಗ. ನಮ್ಮ ಕಡೆ ಬೀಗದ ತೂತಿನಲ್ಲಿ, ಸ್ವಿಚ್ ಬೋರ್ಡಿನಲ್ಲಿ ಕಣಜ ಮಣ್ಣು ತುಂಬಿ ಗೂಡು ಮಾಡುತ್ತದಲ್ಲ, ಪಿಟೋ ಕೊಳವೆಯೂ ಅದಕ್ಕೆ ಬಹಳ ಇಷ್ಟದ ಜಾಗ. ಅದಕ್ಕೇ ವಿಮಾನ ನಿಂತಾಗ ಕೊಳವೆಗೆ ಟೋಪಿ ಹಾಕುತ್ತಾರೆ. ಕೊಳವೆ ಪೂರ್ತಿ ಕಟ್ಟಿಕೊಂಡರೆ ವೇಗದ ಮೀಟರ್ ಆಲ್ಟಿಮೀಟರಿನಂತೆ ಆಡುತ್ತದೆ. ಮೇಲೇರಿದಷ್ಟೂ ವೇಗ ಜಾಸ್ತಿ ಅನ್ನುತ್ತದೆ. ಅದನ್ನು ನಂಬಿ ಪೈಲಟ್ ಮೂತಿ ಎತ್ತುತ್ತಾನೆ, ನಿಜವಾದ ವೇಗ ಕುಸಿದು ವಿಮಾನ ಬೀಳುತ್ತದೆ.

ಈ ಮೀಟರಿನ ಬಣ್ಣಗಳನ್ನೂ ನೋಡಿಕೊಳ್ಳಿ. 172ಪಿಯಲ್ಲಿ ಹಸಿರು 44ರಿಂದ 127 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಅಲ್ಲಿಂದ ಮುಂದೆ ಹಳದಿ, 158ಕ್ಕೆ ಕೆಂಪು ಗೆರೆ. ಆ ಗೆರೆ ಯಾವತ್ತೂ ದಾಟಬಾರದು. ಬಿಳಿ ಪಟ್ಟಿ ಫ್ಲಾಪ್, ಅಂದರೆ ರೆಕ್ಕೆಯ ಹಿಂಬದಿಯ ಮಡಚು ಹಲಗೆ, ಇಳಿಸಿದಾಗಿನದು.

ಇನ್ನು ಬುಗುರಿ. ಜೋರಾಗಿ ತಿರುಗುವ ಬುಗುರಿಯನ್ನು ಅಂಗೈಗೆ ಎತ್ತಿಕೊಂಡು ಕೈ ಸ್ವಲ್ಪ ವಾಲಿಸಿ ನೋಡಿ, ಅದು ನೆಟ್ಟಗೇ ನಿಂತಿರುತ್ತದೆ. ಕೃತಕ ದಿಗಂತ ಮತ್ತು ದಿಕ್ಕಿನ ಮೀಟರಿನ ಒಳಗೆ ಇರೋದು ಇಂಥದೇ ಚಕ್ರ. ಎಂಜಿನ್ ನಡೆಸುವ ಒಂದು ಪಂಪು ಗಾಳಿ ಎಳೆದು ಅವೆರಡನ್ನು ತಿರುಗಿಸುತ್ತದೆ. ತಿರುವಿನ ಮೀಟರ್ ಮಾತ್ರ ಕರೆಂಟಿನಿಂದ ತಿರುಗುತ್ತದೆ. ಇದು ಬೇಕೆಂದೇ ಮಾಡಿದ್ದು. ಪಂಪು ಕೈಕೊಟ್ಟರೆ ಕರೆಂಟಿನದು ಉಳಿಯಲಿ, ಕರೆಂಟ್ ಹೋದರೆ ಪಂಪಿನದು ಉಳಿಯಲಿ ಅಂತ. ಎಷ್ಟು ಒಳ್ಳೆಯ ಯೋಚನೆ ಅಲ್ವಾ! ದಿಕ್ಕಿನ ಮೀಟರ್ ನಿಧಾನಕ್ಕೆ ಜಾರುತ್ತದೆ, ಸುಮಾರು 15 ನಿಮಿಷಕ್ಕೊಮ್ಮೆ ನೇರ ಹಾರುತ್ತಿರುವಾಗ ದಿಕ್ಸೂಚಿ ನೋಡಿ ಸರಿ ಮಾಡಬೇಕು.

ಇಷ್ಟೆಲ್ಲ ಯಾಕೆ, ಕಣ್ಣಿಲ್ವಾ ಅಂತ ಕೇಳಬಹುದು. ಜುಲೈ ತಿಂಗಳಲ್ಲಿ ಒಂದು ಸಂಜೆ ಬೀಚಿಗೆ ಹೋಗಿ ನಿಲ್ಲಿ. ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಕೂರ್ಮಗಡ ದ್ವೀಪವೇ ಮಾಯವಾಗಿರುತ್ತದೆ. ಅಂಥ ಬೂದು ಬಣ್ಣದೊಳಗೆ ಹಾರುವಾಗ ಕಿವಿಯೊಳಗಿನ ದ್ರವ ನಮಗೆ ಮೋಸ ಮಾಡುತ್ತದೆ. ವಿಮಾನ ವಾಲಿ ತಿರುಗುತ್ತಿದ್ದರೂ ನೇರ ಹೋಗುತ್ತಿದೆ ಅಂತ ಮೈ ಹೇಳುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಮೀಟರ್ ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯನ್ನು ಹೀಗೆ ಹೊರಗೇನೂ ಕಾಣದಂತೆ ಮಾಡಿ ಪರೀಕ್ಷಿಸಿದರು. ಇಪ್ಪತ್ತೂ ಮಂದಿ ಹಿಡಿತ ತಪ್ಪಿದರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ.

1903ರಲ್ಲಿ ರೈಟ್ ಸಹೋದರರ ವಿಮಾನದಲ್ಲಿ ಇದ್ದದ್ದು ಗಾಳಿ ಅಳೆಯುವ ಒಂದು ಸಾಧನ, ಸ್ಟಾಪ್‌ವಾಚ್, ಎಂಜಿನಿನ ಸುತ್ತು ಎಣಿಸುವ ಮೀಟರ್, ಇಷ್ಟೇ. ಅದಾಗಿ 26 ವರ್ಷಕ್ಕೆ, 1929ರ ಸೆಪ್ಟೆಂಬರ್ 24ರಂದು, ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ನ್ಯೂಯಾರ್ಕ್ ಹತ್ತಿರ ಕಾಕ್‌ಪಿಟ್ಟಿಗೆ ಮುಸುಕು ಹಾಕಿಸಿಕೊಂಡು ಮೀಟರುಗಳನ್ನಷ್ಟೇ ನೋಡಿ ಏರಿ, ಸುತ್ತು ಹಾಕಿ, ಇಳಿದ. ಕೋಲ್ಸ್‌ಮನ್ ಮಾಡಿದ ಸೂಕ್ಷ್ಮ ಆಲ್ಟಿಮೀಟರ್, ಸ್ಪೆರಿಯವರ ಕೃತಕ ದಿಗಂತ ಮತ್ತು ದಿಕ್ಕಿನ ಮೀಟರ್ ಅವನ ಮುಂದಿದ್ದವು. ನಾವು ಇವತ್ತು ಕಲಿಯುತ್ತಿರುವುದು ಅವನ್ನೇ.

ಈಗ ಅಭ್ಯಾಸ. ಸಿಮ್ಯುಲೇಟರಿನಲ್ಲಿ ಗೋವಾದ ದಾಬೋಲಿಂನಿಂದ ಏರಿ, ದಿಕ್ಕಿನ ಮೀಟರಿನಲ್ಲಿ 150 ಡಿಗ್ರಿ ಹಿಡಿದು, 2,500 ಅಡಿಯಲ್ಲಿ 100 ನಾಟ್ ವೇಗದಲ್ಲಿ ಕಾರವಾರದ ಕಡೆ ಬನ್ನಿ. ಮೊದಲ ಸಲ ಹವೆ ತಿಳಿಯಾಗಿರಲಿ. ಸುಮಾರು 25 ನಿಮಿಷದಲ್ಲಿ ಕಾಳಿ ನದಿಯ ಅಳಿವೆ ಕಾಣಬೇಕು. ಕಣ್ಣು ಯಾವಾಗಲೂ ಕೃತಕ ದಿಗಂತದಲ್ಲೇ ಮನೆ ಮಾಡಿರಲಿ. ಅಲ್ಲಿಂದ ಎತ್ತರಕ್ಕೆ ಹೋಗಿ ವಾಪಸ್ ಬನ್ನಿ, ದಿಕ್ಕಿಗೆ ಹೋಗಿ ವಾಪಸ್, ವೇಗಕ್ಕೆ ಹೋಗಿ ವಾಪಸ್. ಯಾವ ಮೀಟರ್ ಮೇಲೂ ಎರಡು ಸೆಕೆಂಡಿಗಿಂತ ಜಾಸ್ತಿ ಕೂರಬೇಡಿ. ಎರಡನೇ ವಾರ 800 ಅಡಿಗೆ ಮೋಡ ಹಾಕಿ ಇದೇ ದಾರಿ ಹಾರಿ. ಸಾಕಾಗಿ ಹೋಗುತ್ತದೆ, ಬಿಡಬೇಡಿ.

ಮೂರನೇ ವಾರ ಹಳೆಯ ಮದುವೆ ಕಾಗದದಿಂದ ಆರು ಗುಂಡು ಬಿಲ್ಲೆ ಕತ್ತರಿಸಿ. ಒಂದನ್ನು ನಿಮ್ಮ ಕಂಪ್ಯೂಟರಿನಲ್ಲಿ ಕಾಣುವ ಕೃತಕ ದಿಗಂತದ ಮೇಲೆ ಅಂಟಿಸಿ ಹಾರಿ. ಈಗ ವಾಲುವಿಕೆಗೆ ತಿರುವಿನ ಮೀಟರ್ ಒಂದೇ ಗತಿ. ಅದರ ಪುಟ್ಟ ವಿಮಾನದ ರೆಕ್ಕೆ ಕೆಳಗಿನ ಗುರುತಿಗೆ ಮುಟ್ಟಿದ್ದರೆ ಎರಡು ನಿಮಿಷಕ್ಕೆ ಒಂದು ಪೂರ್ತಿ ಸುತ್ತು. ನಿಜವಾದ ವಿಮಾನದಲ್ಲಿ ಪಂಪು ಹೋದಾಗ ಕೃತಕ ದಿಗಂತ ತಟ್ಟನೆ ನಿಲ್ಲುವುದಿಲ್ಲ. ಬುಗುರಿ ಸೋತು ತೂರಾಡುವ ಹಾಗೆ ನಿಧಾನಕ್ಕೆ ವಾಲುತ್ತದೆ, ಅದನ್ನು ನಂಬಿದವನೂ ಜೊತೆಗೇ ವಾಲುತ್ತಾನೆ. ಅನುಮಾನ ಬಂದ ಮೀಟರನ್ನು ಕಾಗದದಿಂದ ಮುಚ್ಚುವ ರೂಢಿ ಪೈಲಟ್‌ಗಳಲ್ಲಿ ಇರುವುದು ಅದಕ್ಕೇ.

ಇಷ್ಟಾದ ಮೇಲೆ ಸ್ಕ್ರೀನಿಗೆ ಹೋಗಿ. ಗಾರ್ಮಿನ್ ಕಂಪನಿಯ ಜಿ1000 ತರಹದ ಸ್ಕ್ರೀನುಗಳು 2000ದ ದಶಕದ ಮಧ್ಯದಿಂದ ಸೆಸ್ನಾ 172ರಲ್ಲೂ ಬಂದವು. ನಡುವೆ ಅಗಲವಾದ ದಿಗಂತ, ಎಡಕ್ಕೆ ವೇಗದ ಪಟ್ಟಿ, ಬಲಕ್ಕೆ ಎತ್ತರದ ಪಟ್ಟಿ, ಕೆಳಗೆ ದಿಕ್ಕು. ಜಾಗ ಅದೇ, ನೋಡಿದಿರಾ! ತಿರುಗುವ ಚಕ್ರದ ಬದಲು ನಿಮ್ಮ ಮೊಬೈಲಿನಲ್ಲಿರುವಂಥ ಸಣ್ಣ ಸೆನ್ಸರ್ ಚಿಪ್ಪುಗಳಿವೆ. ಪಿಟೋ ಕೊಳವೆ ಮಾತ್ರ ಹಾಗೇ ಹೊರಗೆ ನಿಂತಿದೆ, ಕಣಜವೂ ಹಾಗೇ ಇದೆ. ಮೋಡದ ಹಿಂದಿನ ಗುಡ್ಡವನ್ನು ಚಿತ್ರ ಬರೆದು ತೋರಿಸುವ ಸ್ಕ್ರೀನುಗಳೂ ಬಂದಿವೆ. ಅರಬೈಲು ಘಟ್ಟದಂಥ ಕಡೆ ಅದು ದೇವರು ಕೊಟ್ಟ ಕಣ್ಣು ಅಂತಲೇ ನನ್ನ ನಂಬಿಕೆ. 2020ರಲ್ಲಿ ಗಾರ್ಮಿನ್‌ನ ಇನ್ನೊಂದು ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತು. ಪೈಲಟ್‌ಗೆ ಏನಾದರೂ ಆದರೆ ಪಕ್ಕದಲ್ಲಿ ಕೂತವರು ಒಂದು ಗುಂಡಿ ಒತ್ತಿದರೆ ಸಾಕು, ವಿಮಾನ ತಾನೇ ಹತ್ತಿರದ ನಿಲ್ದಾಣ ಆರಿಸಿಕೊಂಡು ಇಳಿಯುತ್ತದೆ.

ಆದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ 8,000ಕ್ಕೂ ಹೆಚ್ಚು ಸಣ್ಣ ವಿಮಾನಗಳ ಲೆಕ್ಕ ತೆಗೆದಾಗ, ಸ್ಕ್ರೀನ್ ಇದ್ದ ವಿಮಾನಗಳಲ್ಲಿ ಒಟ್ಟು ಅಪಘಾತ ಕಡಿಮೆ, ಜೀವ ಹೋದ ಅಪಘಾತ ಮಾತ್ರ ಜಾಸ್ತಿ ಅಂತ ಕಂಡಿತು. ಪೈಲಟ್‌ಗಳಿಗೆ ತಾವು ಹಾರಿಸುವ ಸ್ಕ್ರೀನಿನದೇ ತರಬೇತಿ ಬೇಕು ಅಂತಲೂ ಮಂಡಳಿ ಹೇಳಿತು. ಹಾಗಾಗಿ ಸ್ಕ್ರೀನಿನಲ್ಲೂ ಬಿಲ್ಲೆ ಆಟ ಆಡಿ. ಮುಖ್ಯ ಸ್ಕ್ರೀನ್ ಮುಚ್ಚಿ, ಪಕ್ಕದಲ್ಲಿರುವ ಸಣ್ಣ ತುರ್ತು ಮೀಟರುಗಳಲ್ಲೇ ಹತ್ತು ನಿಮಿಷ ಹಾರಿ.

ಕೊನೆಯ ಪರೀಕ್ಷೆ ದಾಬೋಲಿಂನಿಂದ ಹುಬ್ಬಳ್ಳಿಗೆ, ಘಟ್ಟದ ಮೇಲೆ, ಮಳೆಗಾಲದ ಮೋಡದಲ್ಲಿ. ಈ ಸಲ 6,000 ಅಡಿಗೆ ಏರಿ ಹೋಗಿ. ಆರರಲ್ಲಿ ಯಾವ ಮೀಟರ್ ಮುಚ್ಚಬೇಕು, ಯಾವಾಗ ಮುಚ್ಚಬೇಕು ಅನ್ನುವುದನ್ನು ತಂಗಿಗೋ ತಮ್ಮನಿಗೋ ಬಿಡಿ. ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಹುಬ್ಬಳ್ಳಿಯ ಒತ್ತಡ ಕೇಳಿ ಆಲ್ಟಿಮೀಟರಿನ ಕಿಟಕಿಯಲ್ಲಿ ಕೂರಿಸಿಕೊಂಡು ಇಳಿಯಿರಿ. ರನ್‌ವೇ ಮೇಲೆ ಚಕ್ರ ನಿಂತಾಗ ಆಲ್ಟಿಮೀಟರ್ 2,200 ಅಡಿಯ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ಮೊದಲು ಆ ಕಿಟಕಿ ನೋಡಿ.