ಬೀಜ ತರುವ ಮೊದಲೇ ಗಿರಾಕಿ ಗೊತ್ತಿರಲಿ: ಸಣ್ಣ ಜಮೀನಿನವರು ವ್ಯಾಪಾರ ಕಲಿಯುವುದು ಹೇಗೆ?

ಮಣ್ಣು ಮುಟ್ಟಿ ನೀರು ಬೇಕೋ ಬೇಡವೋ ಹೇಳುವವರು, ಎಲೆ ನೋಡಿ ರೋಗ ಗುರುತಿಸುವವರು ಎಷ್ಟೋ ಜನ ಇದ್ದಾರೆ. ಅವರನ್ನೇ ‘ಒಂದು ಕಿಲೋ ಬೆಳೆಯಲು ನಿಮಗೆ ಎಷ್ಟು ಖರ್ಚಾಯಿತು’ ಅಂತ ಕೇಳಿದರೆ ತಡವರಿಸುತ್ತಾರೆ. ಅಸಲು ಎಷ್ಟು ಅಂತ ಗೊತ್ತಿಲ್ಲದಿದ್ದರೆ ಬೆಲೆ ಹೇಳುವುದು ಹೇಗೆ? ಕೊಳ್ಳುವವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗುತ್ತದೆ ಅಷ್ಟೇ.

ದೊಡ್ಡ ಜಮೀನಿನವರು ಕಿಲೋಗೆ ಸ್ವಲ್ಪವೇ ಲಾಭ ಇಟ್ಟುಕೊಂಡು, ರಾಶಿಗಟ್ಟಲೆ ಮಾರಿ ಗಿಟ್ಟಿಸಿಕೊಳ್ಳಬಹುದು. ಸಣ್ಣ ಜಮೀನಿಗೆ ಆ ದಾರಿ ಇಲ್ಲ, ಯಾಕಂದರೆ ರಾಶಿಯೇ ಬರುವುದಿಲ್ಲ. ನಮ್ಮ ಬಲ ಇರುವುದು ಬೆಲೆಯಲ್ಲಿ ಮತ್ತು ಗಿರಾಕಿಯ ಜೊತೆಗಿನ ಒಡನಾಟದಲ್ಲಿ. ಅದಕ್ಕೇ ಕೃಷಿಯಷ್ಟೇ ಶ್ರದ್ಧೆಯಿಂದ ವ್ಯಾಪಾರವನ್ನೂ ಕಲಿಯಬೇಕು. ಕಷ್ಟದ ವಿದ್ಯೆ ಏನಲ್ಲ. ಒಂದು ನೋಟ್‌ಬುಕ್, ಒಂದು ತಕ್ಕಡಿ, ಒಂದು ಗಡಿಯಾರ ಇದ್ದರೆ ಶುರು ಮಾಡಬಹುದು.

ಹೆಜ್ಜೆ 1: ಕಿಲೋಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ

ಇಡೀ ಜಮೀನಿನ ಲೆಕ್ಕ ಒಟ್ಟಿಗೆ ಬರೆಯಬೇಡಿ. ಬೆಳೆಗೊಂದು ಪುಟ ಇಡಿ. ಬೀಜ, ಸಸಿ, ಗೊಬ್ಬರ, ಔಷಧಿ, ಕೂಲಿ, ನೀರಿಗೆ ತಗುಲಿದ ಕರೆಂಟು ಅಥವಾ ಡೀಸೆಲ್, ಕ್ರೇಟು, ಚೀಲ, ಸಾಗಣೆ, ಎಲ್ಲವೂ ಆಯಾ ಬೆಳೆಯ ಪುಟದಲ್ಲಿ ಅವತ್ತೇ ಬರೆದಿಡಬೇಕು. ವಾರದ ಕೊನೆಗೆ ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ತುಂಡು ನೆಲದ ಟೊಮೆಟೊಗೆ ಒಟ್ಟು ಖರ್ಚು 1,000 ಅಂತ ಇಟ್ಟುಕೊಳ್ಳಿ, ಹಣ ಯಾವ ದೇಶದ್ದಾದರೂ ಲೆಕ್ಕ ಅದೇ. ಕೊಯ್ಲು 100 ಕಿಲೋ ಬಂತು. ಹಾಗಾದರೆ ಕಿಲೋಗೆ 10 ಬಿತ್ತು, 12ಕ್ಕೆ ಮಾರಿದರೆ 2 ಉಳಿಯುತ್ತದೆ ಅನ್ನಿಸುತ್ತದೆ ಅಲ್ವಾ? ಈಗ ವಿಂಗಡಣೆಗೆ ಕೂತುಕೊಳ್ಳಿ. ಬಿರುಕು ಬಿಟ್ಟದ್ದು, ಹುಳ ಕೊರೆದದ್ದು 10 ಕಿಲೋ ಪಕ್ಕಕ್ಕೆ ಹೋಯಿತು. ದಾರಿಯಲ್ಲಿ ಜಜ್ಜಿದ್ದು 5 ಕಿಲೋ. ಮಾರಾಟವಾಗದೆ ವಾಪಸ್ ಬಂದದ್ದು ಇನ್ನೊಂದು 5 ಕಿಲೋ. ನಿಜವಾಗಿ ದುಡ್ಡಾಗಿದ್ದು 80 ಕಿಲೋ ಮಾತ್ರ. 1,000ವನ್ನು 80ರಿಂದ ಭಾಗಿಸಿದರೆ ಕಿಲೋಗೆ 12.50. ಅಂದರೆ 12ಕ್ಕೆ ಮಾರಿದವರಿಗೆ ಕೈಗೆ ಬಂದದ್ದು 960, ಕೈಯಿಂದ ಹೋದದ್ದು 1,000. ಲಾಭ ಅಂದುಕೊಂಡದ್ದು ನಷ್ಟ. ಸುಮಾರು ಜನ ವರ್ಷಗಟ್ಟಲೆ ಹೀಗೇ ಮಾರುತ್ತಿರುತ್ತಾರೆ, ಗೊತ್ತೇ ಆಗುವುದಿಲ್ಲ. ಆದ್ದರಿಂದ ಖರ್ಚನ್ನು ಭಾಗಿಸಬೇಕಾದದ್ದು ಕೊಯ್ದ ತೂಕದಿಂದ ಅಲ್ಲ, ಮಾರಾಟವಾದ ತೂಕದಿಂದ.

ಇಲ್ಲಿ ಎರಡು ಖರ್ಚು ಸುಲಭವಾಗಿ ಕಣ್ತಪ್ಪಿಸುತ್ತವೆ. ಒಂದು, ಯಂತ್ರ ಮತ್ತು ಸಲಕರಣೆ ಸವೆಯುವುದು. 8,000 ಕೊಟ್ಟು ತಂದ ಪಂಪು 8 ವರ್ಷ ಬಾಳುತ್ತದೆ ಅಂದರೆ ವರ್ಷಕ್ಕೆ 1,000 ಅದರ ಖರ್ಚು. ಸಾಲ ತೀರಿದೆ ಅಂತ ಅದನ್ನು ಬಿಡುವಂತಿಲ್ಲ, ನಾಳೆ ಅದು ಕೆಟ್ಟು ಕೂತಾಗ ಹೊಸದನ್ನು ತರುವ ದುಡ್ಡು ಎಲ್ಲಿಂದ ಬರಬೇಕು? ಇನ್ನೊಂದು, ಮನೆಯವರ ದುಡಿಮೆ. ‘ನಾವೇ ಮಾಡಿದ್ದು, ಅದಕ್ಕೇನು ಕೂಲಿ’ ಅನ್ನುವ ಮಾತು ದಯವಿಟ್ಟು ಬಿಡಿ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು ಹಾಕಿದ ಗಂಟೆಗಳನ್ನು ಹೊರಗಿನ ಆಳಿಗೆ ಕೊಡುವ ದರದಲ್ಲೇ ಬರೆಯಿರಿ. ಹಾಗೆ ಬರೆದ ಮೇಲೂ ಬೆಳೆ ಗಿಟ್ಟಿದರೆ ಅದು ನಿಜವಾದ ಲಾಭ. ಗಿಟ್ಟದಿದ್ದರೆ, ಮನೆಯವರು ಬಿಟ್ಟಿ ದುಡಿದು ಗಿರಾಕಿಗೆ ಅಗ್ಗದ ತರಕಾರಿ ಕೊಡುತ್ತಿದ್ದಾರೆ ಅಂತ ಅರ್ಥ.

ಗಡಿಯಾರ ಬೇಕಾಗುವುದು ಇದಕ್ಕೇ. ಸೊಪ್ಪಿನ ಒಂದು ಕ್ರೇಟು ಕೊಯ್ದು, ತೊಳೆದು, ಕಟ್ಟು ಕಟ್ಟಿ ಮುಗಿಸಲು ಎಷ್ಟು ನಿಮಿಷ ಹಿಡಿಯಿತು ಅಂತ ಒಮ್ಮೆ ಅಳೆದು ನೋಡಿ. ಬೆಳೆಸುವುದಕ್ಕಿಂತ ತೊಳೆದು ಕಟ್ಟುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತಿದೆ ಅಂತ ಗೊತ್ತಾದರೆ ಬೆಲೆಯನ್ನೂ ಬದಲಿಸಬೇಕು, ಕೆಲಸದ ಜಾಗವನ್ನೂ ಬದಲಿಸಬೇಕು. ಎಷ್ಟೋ ಸಲ ಸೊಂಟದ ಎತ್ತರಕ್ಕೆ ಒಂದು ಮೇಜು ಹಾಕಿದರೆ ಸಾಕು, ದಿನವೂ ಸಮಯ ಉಳಿಯುತ್ತದೆ.

ಹೆಜ್ಜೆ 2: ಬೆಲೆ ಕಟ್ಟಿ, ಕಟ್ಟಿದ ಮೇಲೆ ಸುಮ್ನೆ ಇಳಿಸಬೇಡಿ

ಅಸಲಿನ ಮೇಲೆ ಶೇ 20 ಸೇರಿಸಿದರೆ ಮಾರಿದ ಬೆಲೆಯಲ್ಲಿ ಶೇ 20 ಉಳಿಯುತ್ತದೆ ಅನ್ನುವುದು ತಪ್ಪು. 12.50ಕ್ಕೆ ಶೇ 20 ಸೇರಿಸಿದರೆ 15. ಉಳಿದದ್ದು 2.50, ಅಂದರೆ ಬೆಲೆಯ ಶೇ 17ರ ಹತ್ತಿರ ಅಷ್ಟೇ. ಬೆಲೆಯಲ್ಲಿ ಪೂರ್ತಿ ಶೇ 20 ಉಳಿಯಬೇಕು ಅಂದರೆ 12.50 ಅನ್ನು 0.8ರಿಂದ ಭಾಗಿಸಿ, 15.60ರ ಆಸುಪಾಸು ಬರುತ್ತದೆ. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಇಡೀ ಹಂಗಾಮಿಗೆ ಲೆಕ್ಕ ಹಾಕಿದರೆ ಸಣ್ಣದಲ್ಲ.

ರಿಯಾಯಿತಿಯ ಲೆಕ್ಕ ಇನ್ನೂ ಮುಖ್ಯ. 100ಕ್ಕೆ ಮಾರುವ ಪದಾರ್ಥದಲ್ಲಿ 70 ಖರ್ಚು, 30 ಉಳಿಕೆ ಅಂದುಕೊಳ್ಳಿ. ಗಿರಾಕಿ ಚೌಕಾಸಿ ಮಾಡಿದರು, ನೀವು ಶೇ 10 ಬಿಟ್ಟಿರಿ. ಈಗ ಉಳಿಯುವುದು 20. ಮೊದಲು 100 ಕಿಲೋ ಮಾರಿ ಗಳಿಸುತ್ತಿದ್ದಷ್ಟನ್ನೇ ಗಳಿಸಲು ಈಗ 150 ಕಿಲೋ ಮಾರಬೇಕು. ಹತ್ತು ಬಿಟ್ಟದ್ದಕ್ಕೆ ಅರ್ಧದಷ್ಟು ಹೆಚ್ಚು ಮಾಲು ಬೇಕಾಯಿತು! ನಿಮ್ಮ ನೆಲ ಅಷ್ಟು ಕೊಡುತ್ತದಾ?

ಸಂಜೆ ಹೊತ್ತಿಗೆ ಉಳಿದ ಸೊಪ್ಪಿನ ಮಾತು ಬೇರೆ. ಅದಕ್ಕೆ ಖರ್ಚು ಆಗಿಹೋಗಿದೆ, ನಾಳೆಗೆ ಬಾಡುತ್ತದೆ, ಸಿಕ್ಕಷ್ಟೂ ಲಾಭವೇ. ಆದರೆ ದಿನವೂ ಸಂಜೆ ಅರ್ಧ ಬೆಲೆಗೆ ಬಿಟ್ಟರೆ ಬೆಳಗಿನ ಗಿರಾಕಿಗಳೇ ಸಂಜೆಗೆ ಕಾಯಲು ಕಲಿಯುತ್ತಾರೆ. ಅದರ ಬದಲು ಉಳಿದದ್ದನ್ನು ಬೇರೆ ತರಕಾರಿಯ ಜೊತೆ ಸೇರಿಸಿ ಒಂದು ಚೀಲ ಮಾಡಿ ಕೊಡಿ, ಅಥವಾ ಒಬ್ಬ ಅಡುಗೆಯವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಎಷ್ಟು ಉಳಿಯಿತು ಅಂತ ಪ್ರತಿ ದಿನ ಬರೆದಿಡಿ. ನಾಲ್ಕು ವಾರದ ಆ ಪಟ್ಟಿ ನೋಡಿದರೆ ಯಾವ ದಿನ ಎಷ್ಟು ಕೊಯ್ಯಬೇಕು ಅಂತ ತಾನಾಗಿ ತಿಳಿಯುತ್ತದೆ.

ಹೆಜ್ಜೆ 3: ಯಾರಿಗೆ ಮಾರುತ್ತೀರಿ?

ಇದನ್ನು ಬಿತ್ತುವ ಮೊದಲೇ ತೀರ್ಮಾನಿಸಬೇಕು. ಸಗಟು ವ್ಯಾಪಾರಿಗೆ ಕೊಟ್ಟರೆ ಬೆಲೆ ಕಡಿಮೆ, ಆದರೆ ಒಂದೇ ಸಲಕ್ಕೆ ಮಾಲು ಖಾಲಿ. ಅಂಗಡಿ, ಹೋಟೆಲುಗಳಿಗೆ ಕೊಟ್ಟರೆ ಬೆಲೆ ಪರವಾಗಿಲ್ಲ, ಆದರೆ ವಾರ ವಾರವೂ ಅದೇ ಗುಣಮಟ್ಟ, ಅದೇ ಹೊತ್ತಿಗೆ ಬೇಕು. ಗಿರಾಕಿಗೆ ನೇರವಾಗಿ ಮಾರಿದರೆ ಬೆಲೆ ಚೆನ್ನಾಗಿ ಸಿಗುತ್ತದೆ, ಆದರೆ ಹೊತ್ತು ತಿನ್ನುತ್ತದೆ. ಇಬ್ಬರು ಏಳು ಗಂಟೆ ಕೂತು ಮಾರಿದರೆ ಅದು 14 ಗಂಟೆಯ ದುಡಿಮೆ. ಆ ದಿನದ ಉಳಿಕೆಯನ್ನು 14ರಿಂದ ಭಾಗಿಸಿ, ಗಂಟೆಗೆ ಎಷ್ಟು ಬಿತ್ತು ನೋಡಿ, ಆಮೇಲೆ ಸಗಟು ಬೆಲೆಯನ್ನು ಬೈಯಬೇಕೋ ಬೇಡವೋ ತೀರ್ಮಾನಿಸಿ.

ನಾಲ್ಕನೇ ದಾರಿ ಚಂದಾ ಪದ್ಧತಿ. ಜಪಾನಿನಲ್ಲಿ 1970ರ ದಶಕದಲ್ಲಿ ‘ತೇಯ್‌ಕೇ’ ಹೆಸರಿನಲ್ಲಿ ರೈತರು ಮತ್ತು ತಿನ್ನುವವರು ನೇರ ಒಪ್ಪಂದ ಮಾಡಿಕೊಂಡರು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ಫಾರ್ಮ್‌ಗಳು ಇದೇ ಬಗೆಯ ಪದ್ಧತಿ ಶುರು ಮಾಡಿದವು. ಹಂಗಾಮಿನ ಮೊದಲೇ ಮನೆಗಳು ದುಡ್ಡು ಕೊಡುತ್ತವೆ, ವಾರಕ್ಕೊಂದು ಬುಟ್ಟಿ ತರಕಾರಿ ಪಡೆಯುತ್ತವೆ, ಬೆಳೆ ಕೈಕೊಟ್ಟರೆ ಅದನ್ನೂ ಸ್ವಲ್ಪ ಹಂಚಿಕೊಳ್ಳುತ್ತವೆ. ಬಿತ್ತನೆ ಕಾಲಕ್ಕೆ ಕೈಯಲ್ಲಿ ಹಣ ಇರುವುದು ದೊಡ್ಡ ನೆಮ್ಮದಿ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷವೇ ಇದಕ್ಕೆ ಕೈಹಾಕಬಾರದು. ಪ್ರತಿ ವಾರ ಏಳೆಂಟು ಬಗೆಯ ತರಕಾರಿ ತಪ್ಪದೆ ಕೊಡುವುದು ಸುಲಭದ ಕೆಲಸವಲ್ಲ, ಮುಂಗಡ ಪಡೆದ ದುಡ್ಡು ಮಾಲು ತಲುಪಿಸುವವರೆಗೂ ನಿಮ್ಮ ಮೇಲಿನ ಸಾಲವೇ.

ಯಾವ ದಾರಿ ಹಿಡಿದರೂ ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಅರ್ಧಕ್ಕಿಂತ ಜಾಸ್ತಿ ಮಾಲು ಒಬ್ಬರೇ ಕೊಳ್ಳುತ್ತಿದ್ದರೆ ಬೆಲೆ ಹೇಳುವವರು ಅವರೇ ಆಗುತ್ತಾರೆ.

ಹೆಜ್ಜೆ 4: ಕೇಳುವುದನ್ನು ಕಲಿಯಿರಿ

ಬಿತ್ತುವ ಮೊದಲು ಹತ್ತು ಜನರನ್ನಾದರೂ ಮಾತಾಡಿಸಿ. ‘ನಾನು ಬೆಳೆದರೆ ತಗೋತೀರಾ?’ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಮನಸ್ಸು ನೋಯಿಸುವುದು ಯಾರಿಗೂ ಇಷ್ಟ ಇರುವುದಿಲ್ಲ. ಆಗಿಹೋದದ್ದನ್ನು ಕೇಳಿ. ಹೋದ ವಾರ ಎಷ್ಟು ಕಿಲೋ ತಗೊಂಡ್ರಿ? ಯಾರ ಹತ್ತಿರ? ಅದರಲ್ಲಿ ಎಷ್ಟು ಕೊಳೆತುಹೋಯಿತು? ಯಾವ ತಿಂಗಳು ಸಿಗುವುದೇ ಇಲ್ಲ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಬಂಗಾರ. ಎಲ್ಲರ ಹತ್ತಿರ ಇರುವಾಗ ನೀವೂ ಅದನ್ನೇ ತರುವುದಕ್ಕಿಂತ, ಯಾರ ಹತ್ತಿರವೂ ಇಲ್ಲದಾಗ, ಎರಡು ವಾರ ಮುಂಚೆಯೇ ತಂದರೆ ಬೆಲೆಯ ಮಾತೇ ಬೇರೆ.

ಅಂಗಡಿಗೋ ಹೋಟೆಲಿಗೋ ಹೋಗುವಾಗ ವ್ಯಾಪಾರ ಜೋರಾಗಿರುವ ಹೊತ್ತು ಬೇಡ. ಬರಿಗೈಯಲ್ಲೂ ಹೋಗಬೇಡಿ. ಚೆನ್ನಾಗಿ ವಿಂಗಡಿಸಿದ ಒಂದು ಸಣ್ಣ ಕ್ರೇಟು ಮತ್ತು ಒಂದೇ ಹಾಳೆಯ ಪಟ್ಟಿ ಇರಲಿ. ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಸರ್, ಇದು ಇವತ್ತು ಬೆಳಗ್ಗೆ ಕೊಯ್ದದ್ದು. ಎರಡು ದಿನ ಇಟ್ಟು ನೋಡಿ, ಆಮೇಲೆ ಮಾತಾಡೋಣ.’

‘ಬೆಲೆ ಜಾಸ್ತಿ ಆಯ್ತಲ್ಲ. ಈಗ ತರಿಸ್ತಿರೋದು ಇದಕ್ಕಿಂತ ಅಗ್ಗ.’

‘ಅದರಲ್ಲಿ ಬಿಸಾಕೋದು ಎಷ್ಟು ಹೋಗುತ್ತೆ ಸರ್? ನಾನು ವಿಂಗಡಿಸಿ ಕೊಡ್ತೀನಿ, ನೀವು ತೂಕ ಹಾಕಿಸಿಕೊಂಡದ್ದೆಲ್ಲ ಅಡುಗೆಗೆ ಹೋಗುತ್ತೆ.’

ಮಾತು ಕೂಡಿಬಂದರೆ ವಾರಕ್ಕೆ ಎಷ್ಟು ಕಿಲೋ, ಯಾವ ಗಾತ್ರ, ಯಾವ ದಿನ ಎಷ್ಟು ಹೊತ್ತಿಗೆ, ದುಡ್ಡು ಯಾವತ್ತು, ಮಾಲು ಕೆಟ್ಟಿದ್ದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಂದ ಸ್ನೇಹ ಇರುವವರೆಗೆ ಚೆನ್ನಾಗಿರುತ್ತದೆ.

ಹೆಜ್ಜೆ 5: ಗಿರಾಕಿ ಮತ್ತೆ ಬರುವಂತೆ ಮಾಡಿ

ಮಾರ್ಕೆಟಿಂಗ್ ಅಂದ ತಕ್ಷಣ ಲೋಗೊ, ಬ್ಯಾನರ್ ನೆನಪಿಗೆ ಬರುತ್ತವೆ. ಅವಕ್ಕಿಂತ ಮೊದಲು ಮಾಲು ಗಿರಾಕಿಯ ಮನೆಯಲ್ಲಿ ಎಷ್ಟು ದಿನ ತಾಳುತ್ತದೆ ಅನ್ನುವುದನ್ನು ನೋಡಿ. ಸೊಪ್ಪನ್ನು ಬಿಸಿಲೇರುವ ಮೊದಲು ಕೊಯ್ಯಿರಿ, ಕೂಡಲೇ ನೆರಳಿಗೆ ತನ್ನಿ, ತಣ್ಣೀರಿನಲ್ಲಿ ತೊಳೆದು ನೀರು ಸೋರಲು ಬಿಡಿ. ಹಣ್ಣಾದ ಬಾಳೆ, ಸೇಬಿನ ಪಕ್ಕದಲ್ಲಿ ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಎಲೆ ಬೇಗ ಹಳದಿಯಾಗುತ್ತದೆ. ಟೊಮೆಟೊವನ್ನು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಇಟ್ಟರೆ ರುಚಿ ಹೋಗುತ್ತದೆ, ಅದನ್ನು ಗಿರಾಕಿಗೂ ಹೇಳಿಕೊಡಿ. ಮೂರನೇ ದಿನವೂ ತಾಜಾ ಇದ್ದ ಸೊಪ್ಪು ನಿಮ್ಮ ಪರವಾಗಿ ಆ ಮನೆಯಲ್ಲಿ ಮಾತಾಡುತ್ತದೆ.

ಆಮೇಲೆ ಸುದ್ದಿ ಮುಟ್ಟಿಸುವ ಕೆಲಸ. ವಾರಕ್ಕೊಂದೇ ಮೆಸೇಜ್ ಕಳಿಸಿ, ಅದೇ ದಿನ, ಅದೇ ಹೊತ್ತಿಗೆ. ಏನೇನಿದೆ, ಬೆಲೆ ಎಷ್ಟು, ಆರ್ಡರ್ ಯಾವಾಗಿನವರೆಗೆ, ಎಲ್ಲಿ ಸಿಗುತ್ತದೆ, ಇಷ್ಟಿದ್ದರೆ ಸಾಕು. ಫೋಟೊ ಬೆಳಗಿನ ಬೆಳಕಿನಲ್ಲಿ ನಿಮ್ಮ ಹೊಲದಲ್ಲೇ ತೆಗೆದದ್ದಾಗಿರಲಿ, ಇಂಟರ್‌ನೆಟ್‌ನಿಂದ ಎತ್ತಿದ್ದು ಬೇಡ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಬಳಸುವವರು ಒಂದು ವಿಷಯ ಗಮನಿಸಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ. ಹಾಗಾಗಿ ಮೊದಲ ಸಲ ಕೊಂಡವರ ನಂಬರ್ ನೀವು ಬರೆದುಕೊಂಡರೆ ಸಾಲದು, ಅವರೂ ನಿಮ್ಮದನ್ನು ಸೇವ್ ಮಾಡುವವರೆಗೆ ನಗುನಗುತ್ತಾ ಅಲ್ಲೇ ನಿಂತಿರಿ. ‘ಸಾವಯವ’ ಅಂತ ಬರೆಯುವ ಮುನ್ನ ನಿಮ್ಮಲ್ಲಿನ ನಿಯಮ ತಿಳಿದುಕೊಳ್ಳಿ. ಅನೇಕ ದೇಶಗಳಲ್ಲಿ ಪ್ರಮಾಣಪತ್ರ ಇಲ್ಲದೆ ಆ ಮಾತು ಬಳಸುವಂತಿಲ್ಲ. ಏನು ಹಾಕಿದ್ದೀರಿ, ಏನು ಹಾಕಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಜನ ನಂಬುತ್ತಾರೆ.

ಹೆಜ್ಜೆ 6: ದುಡ್ಡು ಬರುವ ತಿಂಗಳು, ಹೋಗುವ ತಿಂಗಳು

ವರ್ಷದ ಲೆಕ್ಕದಲ್ಲಿ ಲಾಭ ಇದ್ದರೂ ಬಿತ್ತನೆ ತಿಂಗಳಲ್ಲಿ ಕೈ ಖಾಲಿಯಾಗಿ ದುಬಾರಿ ಬಡ್ಡಿಗೆ ಸಾಲ ಮಾಡಿದರೆ ಲಾಭವೆಲ್ಲ ಅಲ್ಲೇ ಕರಗುತ್ತದೆ. ಒಂದು ಹಾಳೆಯಲ್ಲಿ 12 ಮನೆ ಗೆರೆ ಎಳೆದು, ಪ್ರತಿ ತಿಂಗಳು ಬರುವುದೆಷ್ಟು, ಹೋಗುವುದೆಷ್ಟು ಅಂತ ಅಂದಾಜು ಬರೆಯಿರಿ. ಮೈನಸ್ ಆಗುವ ತಿಂಗಳು ಮುಂಚೆಯೇ ಕಂಡರೆ ಬೇಗ ಬರುವ ಸೊಪ್ಪು ಹಾಕಬಹುದು, ದೊಡ್ಡ ಖರೀದಿ ಮುಂದಕ್ಕೆ ಹಾಕಬಹುದು. ಉದ್ರಿಗೂ ಒಂದು ಮಿತಿ ಇರಲಿ. ಹಿಂದಿನ ಬಾಕಿ ಬರುವ ತನಕ ಹೊಸ ಕ್ರೇಟು ಇಳಿಸುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಆಮೇಲೆ ಮುಜುಗರ ಇರುವುದಿಲ್ಲ.

‘ಉಳಿದದ್ದನ್ನು ಒಣಗಿಸಿ ಮಾರಿ’ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಟೊಮೆಟೊದಲ್ಲಿ ಶೇ 95ರ ಹತ್ತಿರ ನೀರೇ ಇದೆ. 100 ಕಿಲೋ ಒಣಗಿಸಿದರೆ ಕೈಗೆ ಬರುವುದು ಆರೇಳು ಕಿಲೋ. ಜೊತೆಗೆ ಇಂಧನ, ಪ್ಯಾಕಿಂಗ್, ಆಹಾರ ಸುರಕ್ಷತೆಯ ಲೈಸೆನ್ಸ್. ಆ ಆರೇಳು ಕಿಲೋ ಇದನ್ನೆಲ್ಲ ಹೊರುತ್ತದೆಯೇ ಅಂತ ಹೆಜ್ಜೆ ಒಂದರ ಹಾಗೆ ಲೆಕ್ಕ ಹಾಕಿ, ಆಮೇಲೆ ಯಂತ್ರ ಕೊಳ್ಳಿ.

ಹೆಜ್ಜೆ 7: ಹಂಗಾಮು ಮುಗಿದ ಮೇಲೆ

ಬೆಳೆವಾರು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಅಳತೆಯ ನೆಲಕ್ಕೆ ಯಾವುದು ಎಷ್ಟು ಉಳಿಸಿತು, ಒಂದು ಗಂಟೆಯ ದುಡಿಮೆಗೆ ಯಾವುದು ಎಷ್ಟು ಕೊಟ್ಟಿತು ಅಂತ ಸಾಲಾಗಿ ಬರೆಯಿರಿ. ಕೆಳಗೆ ಬಿದ್ದ ಒಂದೆರಡು ಬೆಳೆಗಳನ್ನು ಬಿಡುವ ಧೈರ್ಯ ಬೇಕು, ಅವು ಎಷ್ಟೇ ಇಷ್ಟದ ಬೆಳೆಯಾದರೂ. ಒಂದು ವಿನಾಯಿತಿ ಇದೆ. ಕೆಲವು ಬೆಳೆ ತಾನು ಗಿಟ್ಟದಿದ್ದರೂ ಗಿರಾಕಿಯನ್ನು ಕರೆತರುತ್ತದೆ, ಅದಕ್ಕೆಂದು ಬಂದವರು ಬೇರೆ ನಾಲ್ಕು ಪದಾರ್ಥ ಕೊಂಡು ಹೋಗುತ್ತಾರೆ. ಅಂಥದ್ದನ್ನು ಇಟ್ಟುಕೊಳ್ಳಿ, ಆದರೆ ಅದರ ನಷ್ಟವನ್ನು ಪ್ರಚಾರದ ಖರ್ಚು ಅಂತ ಬರೆದು, ವರ್ಷಕ್ಕೆ ಎಷ್ಟರವರೆಗೆ ತಾಳಿಕೊಳ್ಳಬಹುದು ಅಂತ ಪಕ್ಕದಲ್ಲೇ ಒಂದು ಸಂಖ್ಯೆ ಹಾಕಿಡಿ.