ನಾಲೆ ಏರಿ ಮೇಲೆ ಮಕ್ಕಳ ಜೊತೆ ನಡಿಗೆ: ದಾರಿ ತಪ್ಪಿದರೆ ಏನು ಮಾಡಬೇಕು

ನಾಲೆ ಪಕ್ಕದಲ್ಲೇ ಇರುವಾಗ ದಾರಿ ಹೇಗೆ ತಪ್ಪುತ್ತದೆ ಅನ್ನಿಸಬಹುದು. ಮಂಡ್ಯ ಕಡೆಯ ವಿಶ್ವೇಶ್ವರಯ್ಯ ನಾಲೆಯನ್ನೇ ನೋಡಿ. ಕೆಆರ್‌ಎಸ್‌ನಿಂದ ಹೊರಟ ಮುಖ್ಯ ನಾಲೆ ಹುಲಿಕೆರೆ ಬಳಿ ಸುರಂಗಕ್ಕೆ ನುಗ್ಗಿ ಸುಮಾರು ಎರಡೂ ಮುಕ್ಕಾಲು ಕಿ.ಮೀ. ಕಾಣಿಸುವುದೇ ಇಲ್ಲ. ಮುಂದೆ ಮದ್ದೂರು, ತುರುಗನೂರು ಎಂದು ಶಾಖೆಯೊಡೆಯುತ್ತದೆ. ಶಾಖೆಗೆ ಉಪನಾಲೆ, ಉಪನಾಲೆಗೆ ತೂಬು, ತೂಬಿಗೆ ಹೊಲಗಾಲುವೆ.

ಜನ ಎಡವುವುದು ಗೇಟುಗಳ ಬಳಿ. ಉಪನಾಲೆ ಒಡೆಯುವ ಜಾಗದಲ್ಲಿ ಮುಖ್ಯ ಏರಿಯ ಮೇಲೆ ಪೊದೆ ಬೆಳೆದಿರುತ್ತದೆ, ಟ್ರ್ಯಾಕ್ಟರ್ ಓಡಾಡಿದ ಹಸನಾದ ಜಾಡು ಉಪನಾಲೆಯ ಕಡೆ ಹೊರಳಿರುತ್ತದೆ. ಮಾತಾಡುತ್ತ ನಡೆಯುವವರ ಕಾಲು ತಾನಾಗಿ ಅತ್ತ ಹೋಗುತ್ತದೆ. ಆದ್ದರಿಂದ ಪ್ರತಿ ಗೇಟಿನ ಬಳಿ ನಿಂತು, ಬಂದ ದಾರಿಯ ಕಡೆ ತಿರುಗಿ ಒಂದು ಫೋಟೊ ತೆಗೆಯಿರಿ. ವಾಪಸು ಬರುವಾಗ ಕಣ್ಣಿಗೆ ಬೀಳುವುದು ಆ ನೋಟವೇ.

ತಪ್ಪಿದ್ದು ಗೊತ್ತಾಗುವುದು ಇಳಿಜಾರಿನಿಂದ. ಮುಖ್ಯ ನಾಲೆ ಗುಡ್ಡದ ಮಗ್ಗುಲು ಹಿಡಿದು ಹೋಗುತ್ತದೆ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಎತ್ತರ. ವಿಶ್ವೇಶ್ವರಯ್ಯ ನಾಲೆಯಂಥ ಎಡದಂಡೆ (ನದಿಯ ಎಡಬದಿಯ) ನಾಲೆಯಲ್ಲಿ ನೀರು ಹರಿಯುವತ್ತ ಮುಖ ಮಾಡಿ ನಡೆದರೆ ತಗ್ಗು ಬಲಕ್ಕಿರಬೇಕು. ಎರಡೂ ಕಡೆ ತಗ್ಗಾಗಿ, ಎರಡೂ ಕಡೆ ಗದ್ದೆಯಿದ್ದು, ಏರಿ ಕಿರಿದಾಗಿದ್ದರೆ ನೀವಿರುವುದು ಉಪನಾಲೆಯ ಮೇಲೆ. ಬೆಳೆಯೊಂದನ್ನೇ ನಂಬಬೇಡಿ: ಪಂಪ್‌ಸೆಟ್ ಇದ್ದ ಕಡೆ ಎತ್ತರದಲ್ಲೂ ಭತ್ತ ಇರುತ್ತದೆ.

ಆಗ ನೀರಿಗೆ ಎದುರಾಗಿ ನಡೆಯಿರಿ. ಮುಂದಕ್ಕೆ ಹೋದಷ್ಟೂ ಕವಲು ಹೆಚ್ಚುತ್ತದೆ, ಹಿಂದಕ್ಕೆ ಹೋದರೆ ಎಲ್ಲವೂ ತಾಯಿನಾಲೆಗೇ ಸೇರುತ್ತದೆ. ಅಡ್ಡದಾರಿ ಎಂದು ಕಬ್ಬಿನ ಗದ್ದೆಗೆ ನುಗ್ಗಬೇಡಿ; ಆಳೆತ್ತರ ಮೀರಿದ ಬೆಳೆಯೊಳಗೆ ದಿಕ್ಕು ಸಿಗದು, ಗರಿ ಮೈ ಕೊಯ್ಯುತ್ತದೆ, ಹಾವಿನ ಭಯ ಬೇರೆ. ಸೌಡಿಯೋ (ನಾಲೆಯ ನೀರು ಬಿಡುವವರು) ರೈತರೋ ಸಿಕ್ಕರೆ 'ಎಷ್ಟು ದೂರ' ಎಂದು ಕೇಳುವುದರಿಂದ ಲಾಭವಿಲ್ಲ, ಎಲ್ಲರದೂ 'ಇಲ್ಲೇ ಮುಂದೆ'. 'ಬಸ್ ನಿಲ್ಲುವ ಸೇತುವೆ ಯಾವುದು' ಎಂದು ಕೇಳಿ.

ಮಕ್ಕಳಿದ್ದರೆ ಗಂಟೆಗೆ 2 ಕಿ.ಮೀ. ಲೆಕ್ಕ ಹಾಕಿ. ನಾಲೆ ಸುತ್ತಿ ಬಳಸಿ ಹೋಗುವುದರಿಂದ ಮ್ಯಾಪಿನಲ್ಲಿ ಎರಡು ಊರಿನ ನಡುವೆ ಕಾಣುವ ನೇರ ಅಂತರ ನಂಬುವಂಥದ್ದಲ್ಲ. ಬೆಳಿಗ್ಗೆ ಆರೂವರೆಗೆ ಹೊರಟು ಎಂಟಕ್ಕೆ, ಎಲ್ಲಿದ್ದರೂ ಸರಿ, ಹಿಂತಿರುಗಿ. ತಲಾ ಒಂದು ಲೀಟರ್ ನೀರು ಬೇಕು. ನಾಲೆ ನೀರು ಕುಡಿಯುವುದಕ್ಕಲ್ಲ.

ಅಪಾಯ ಇರುವುದು ನೀರಿನಂಚಿನಲ್ಲಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ ಉರುಳಿ 30 ಜನ ಸತ್ತದ್ದು ಇದೇ ವಿಶ್ವೇಶ್ವರಯ್ಯ ನಾಲೆಯಲ್ಲಿ. ಕಾಂಕ್ರೀಟ್ ಇಳಿಜಾರು, ಬಟ್ಟೆ ಒಗೆಯುವ ಮೆಟ್ಟಿಲು ಎರಡರ ಮೇಲೂ ಪಾಚಿ. ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮಕ್ಕಳು ಏರಿಯ ಹೊರಮಗ್ಗುಲಲ್ಲೇ ನಡೆಯಲಿ. ಮೇಲ್ಗಾಲುವೆಯ (ಹಳ್ಳದ ಮೇಲೆ ಸೇತುವೆಯಂತೆ ನಾಲೆ ದಾಟಿಸುವ ಕಟ್ಟಡ) ಗೋಡೆ ಮೇಲೆ ನಡೆದು ಆಚೆ ದಾಟಬೇಡಿ. ಒಣಗಿದ ನಾಲೆಯೊಳಗೂ ಇಳಿಯಬೇಡಿ, ನೀರು ಬಿಡುವುದು ನಿಮ್ಮನ್ನು ಕೇಳಿಕೊಂಡಲ್ಲ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕದೆ ಪಂಚೆ, ದುಪಟ್ಟಾ, ಕಬ್ಬಿನ ಜಲ್ಲೆ, ಏನು ಸಿಕ್ಕರೂ ಚಾಚಿ. ಇನ್ನೊಬ್ಬರು 112ಕ್ಕೆ ಕರೆ ಮಾಡಿ ಹತ್ತಿರದ ಸೇತುವೆ ಅಥವಾ ಊರಿನ ಹೆಸರು ಹೇಳಲಿ.