ಮೊಗ್ಗಿನ ಜಡೆಯ ಫೋಟೋ, ಹಿಂದೆ ಇಲ್ಲದ ಹೆಸರು

ಹಾಸನದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ಸೀಸನ್ ಇಲ್ಲದಾಗ ಹಳೇ ಫೋಟೋ ಸರಿಮಾಡಿಕೊಡುತ್ತೇನೆ. ಹೋದ ವರ್ಷ ಸಕಲೇಶಪುರ ಕಡೆಯ ತೋಟದ ಮನೆಯವರು ತಮ್ಮ ಅಜ್ಜಿಯ ಮದುವೆ ಫೋಟೋ ತಂದರು. ಮೊಗ್ಗಿನ ಜಡೆ ಹಾಕಿಸಿ, ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟು ತೆಗೆಯುತ್ತಿದ್ದರಲ್ವಾ, ಅದೇ. ಮುಖ ನಮ್ಮ ಕಡೆ, ಜಡೆ ಕನ್ನಡಿಯಲ್ಲಿ. ಜಡೆಬಿಲ್ಲೆ, ವಂಕಿ, ಡಾಬು ಎಲ್ಲ ಎದ್ದು ಕಾಣುತ್ತವೆ. ತವರಿನವರು ಏನೇನು ಹಾಕಿ ಕಳಿಸಿದರು ಅನ್ನೋದು ಪೂರ್ತಿ ಇದೆ. ಫೋಟೋದ ಹಿಂದೆ ಗಂಡನ ಹೆಸರು, ಊರು, ತಾರೀಖು. ಹುಡುಗಿಯ ಹೆಸರು ಮಾತ್ರ ಇಲ್ಲ.

ಫೋಟೋ ಒಂದು ಮೂಲೆಯಲ್ಲಿ ಗಾಜಿಗೆ ಅಂಟಿತ್ತು. ಹಾಗಿದ್ದರೆ ದಯವಿಟ್ಟು ಕೀಳಬೇಡಿ. ಹೊಸದರಲ್ಲಿ ನಾನು ಬೇರೆಯವರ ಫೋಟೋ ಸುಮ್ನೆ ಎಳೆದುಬಿಟ್ಟೆ, ಮದುಮಗಳ ಕೆನ್ನೆಯೇ ಗಾಜಿನ ಜೊತೆ ಬಂತು, ಆ ಮನೆಯಲ್ಲಿ ಆಕೆಯದು ಅಂತ ಇದ್ದದ್ದು ಅದೊಂದೇ ಫೋಟೋ. ಇವತ್ತಿಗೂ ನೆನೆಸಿಕೊಂಡರೆ ಸಂಕಟ. ಈಗ ಗಾಜಿನ ಸಮೇತ ಇಟ್ಟು, ಎರಡೂ ಪಕ್ಕ 45 ಡಿಗ್ರಿಗೆ ಲೈಟ್ ಹಾಕಿ ಕ್ಯಾಮೆರಾದಲ್ಲೇ ಕಾಪಿ ತೆಗೆಯುತ್ತೇನೆ. ಬಿಡಿ ಪ್ರಿಂಟ್ ಆದರೆ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು.

ಮನೆಯವರಿಗೆ ಬಣ್ಣ ಬೇಕಿತ್ತು. ಸೀರೆ ಕಪ್ಪಗಿತ್ತು, ಕಡುನೀಲಿ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಹಣೆಯ ಕುಂಕುಮವೂ ಅಷ್ಟೇ ಕಪ್ಪು! ಹಳೇ ಕಪ್ಪು-ಬಿಳುಪು ಫೋಟೋಗಳಿಗೆ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಅನ್ನೋ ಫಿಲಂ ಕೆಂಪನ್ನು ಹಿಡಿಯುವುದಿಲ್ಲ, ಕೆಂಪೆಲ್ಲ ಕಪ್ಪಾಗಿ ಬರುತ್ತದೆ. ಊಹೆ ಮಾಡಿ ಬಣ್ಣ ತುಂಬೋದು ಬೇಡ, ಅಜ್ಜಿಯನ್ನೇ ಕೇಳೋಣ ಅಂತ ಅವರ ಮನೆಗೆ ಹೋದೆ.

ಅಜ್ಜಿ ಫೋಟೋವನ್ನು ತುಂಬಾ ಹೊತ್ತು ನೋಡಿದರು. ಸೀರೆ ಕೆಂಪೇ. ಆಗ ಅವರಿಗೆ 14 ವರ್ಷ, ಅದಕ್ಕೆ ಮೊದಲೇ ಸ್ಕೂಲು ಬಿಡಿಸಿದ್ದರಂತೆ. ಹುಡುಗಿಗೆ 18 ಆಗಿರಬೇಕು ಅನ್ನೋ ಕಾನೂನು ಬಂದದ್ದು 1978ರಲ್ಲಿ. ಅಷ್ಟರಲ್ಲಿ ಇವರ ಮಗಳ ಮದುವೆಯೂ ಆಗಿಹೋಗಿತ್ತು. "ಜಡೆ ಭಾರಕ್ಕೆ ಕತ್ತು ನೋಯ್ತಿತ್ತು ಕಣಪ್ಪಾ, ಅಲ್ಲಾಡಬೇಡ ಅಂತ ಬೈತಿದ್ರು" ಅಂದರು. ನಾನು ಕತ್ತಿನ ಹತ್ತಿರದ ನೆರಿಗೆಯನ್ನು ಕಲೆ ಅಂದುಕೊಂಡು ಅಳಿಸಿದ್ದೆ. ವಾಪಸ್ ಬಂದು ಅದನ್ನು ಮತ್ತೆ ಮೊದಲಿದ್ದ ಹಾಗೇ ಇಟ್ಟೆ.

ಹೊಸ ಪ್ರಿಂಟಿನ ಹಿಂದೆ ಬರೆಯೋಕೆ ಹೆಸರು ಕೇಳಿದೆ. ಮೆತ್ತನೆ ಪೆನ್ಸಿಲ್ಲಲ್ಲೇ ಬರೆಯಬೇಕು, ಬಾಲ್‌ಪೆನ್ ಒತ್ತಿದರೆ ಫೋಟೋದ ಮುಂಭಾಗದಲ್ಲಿ ಗೆರೆ ಏಳುತ್ತದೆ. ಅಜ್ಜಿ, "ಯಾವುದು ಬರೀತೀಯ? ಮದುವೆ ದಿನ ನನ್ನ ಹೆಸರು ಬದಲಾಯಿಸಿದ್ರು" ಅಂದರು. ಮೊಮ್ಮಕ್ಕಳಿಗೆ ಹಳೇ ಹೆಸರು ಗೊತ್ತೇ ಇರಲಿಲ್ಲ. ಸ್ವಲ್ಪ ಯೋಚಿಸಿ, "ಎರಡೂ ಬರಿ. ಅಪ್ಪ ಇಟ್ಟಿದ್ದು ಮೇಲೆ" ಅಂದರು.